ಹಿಮದಡಿಯ ಕಡಲನ್ನು ಅಳೆದ ಫ್ರಿತ್ಯೋಫ್ ನಾನ್ಸೆನ್

ಉತ್ತರ ಧ್ರುವದ ಸುತ್ತಲೂ ಹರಡಿರುವ ಹಿಮಾಚ್ಛಾದಿತ ಸಾಗರವು ಆಳವಿಲ್ಲದ, ಅಲ್ಲಲ್ಲಿ ನಡುಗಡ್ಡೆಗಳಿಂದ ತುಂಬಿದ ಜಲರಾಶಿಯಾಗಿರಬೇಕೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅನೇಕ ವಿದ್ವಾಂಸರು ನಂಬಿದ್ದರು. ಅಲ್ಲಿಗೆ ಹೋಗಿ ಹಗ್ಗ ಇಳಿಬಿಟ್ಟು ನೋಡಿದವರು ಯಾರೂ ಇರಲಿಲ್ಲ. ಆ ನಂಬಿಕೆಯನ್ನು ಬುಡಮೇಲು ಮಾಡಿದವರು ನಾರ್ವೆ ದೇಶದ ಫ್ರಿತ್ಯೋಫ್ ನಾನ್ಸೆನ್. ವಿಶ್ವಶಾಂತಿಗಾಗಿ ನೊಬೆಲ್ ಪಾರಿತೋಷಕ ಪಡೆದ ಮಹಾಪುರುಷರೆಂದು ಅವರ ಹೆಸರನ್ನು ಕೇಳಿದವರು ಬಹಳ. ಆದರೆ ಆ ಕರುಣಾಳುವಿನೊಳಗೆ ಕಡಲ ತಳದ ಬೆಟ್ಟಕಣಿವೆಗಳನ್ನು ಕುರಿತು ಆಯುಷ್ಯವಿಡೀ ಚಿಂತಿಸಿದ ಒಬ್ಬ ವಿಜ್ಞಾನಿಯಿದ್ದನೆಂಬುದನ್ನು ಅರಿತವರು ವಿರಳ.

ನಾನ್ಸೆನ್ನರು ಜನಿಸಿದ್ದು 1861ನೆಯ ಇಸವಿ ಅಕ್ಟೋಬರ್ 10ರಂದು, ಅಂದು ಕ್ರಿಸ್ಟಿಯಾನಿಯಾ ಎನಿಸಿಕೊಂಡಿದ್ದ ಇಂದಿನ ಓಸ್ಲೋ ನಗರದ ಸಮೀಪದಲ್ಲಿ. ತಂದೆ ಬಾಲ್ಡುರ್ ನಾನ್ಸೆನ್ ನ್ಯಾಯವಾದಿಗಳು, ಶಿಸ್ತಿನ ಮನುಷ್ಯರು. ತಾಯಿ ಅಡಿಲೇಡ್ ಶ್ರೀಮಂತ ಮನೆತನದಲ್ಲಿ ಹುಟ್ಟಿದವರಾದರೂ ಮನೆಗೆಲಸವನ್ನು ತಮ್ಮ ಕೈಯಾರೆ ಮಾಡುತ್ತಿದ್ದರು. ಹೆಂಗಸರು ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರುವುದು ಸಲ್ಲದೆಂದು ಜನ ಹೇಳುತ್ತಿದ್ದ ಕಾಲದಲ್ಲಿ ಲೆಕ್ಕಿಸದೆ ಜಾರಿದವರು. ಮಗನೂ ಎಳವೆಯಲ್ಲಿಯೇ ಸ್ಕೀ ಕಲಿತನು. ಮನೆಯ ಹಿಂದಿನ ಅರಣ್ಯದಲ್ಲಿ ದಿನಗಟ್ಟಲೆ ಒಂಟಿಯಾಗಿ ಅಲೆದು, ಹಳ್ಳದ ಮೀನನ್ನು ಹಿಡಿದು ಸುಟ್ಟು ತಿಂದು ಬರುವುದು ಆ ಬಾಲಕನ ಅಚ್ಚುಮೆಚ್ಚಿನ ಹವ್ಯಾಸ. ತಾಯಿ 1877ರಲ್ಲಿ ತೀರಿಕೊಂಡಾಗ ಅವನಿಗಿನ್ನೂ ಹದಿನೈದರ ವಯಸ್ಸು.

ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡುದಕ್ಕೆ ಬಯಲಿನಲ್ಲಿ ಬಾಳುವ ಆಸೆಯೇ ಕಾರಣವಾಗಿರಬೇಕು. 1882ರಲ್ಲಿ, ಗುರುಗಳ ಸಲಹೆಯಂತೆ, ವೈಕಿಂಗ್ ಎಂಬ ಸೀಲ್ ಬೇಟೆಯ ಹಡಗನ್ನೇರಿ ಅವರು ಧ್ರುವಸಾಗರವನ್ನು ಮೊದಲ ಸಲ ಕಂಡರು. ಗ್ರೀನ್‌ಲ್ಯಾಂಡಿನ ಪೂರ್ವ ತೀರದೆದುರು ಆ ಹಡಗು ವಾರಗಟ್ಟಲೆ ಹಿಮದಲ್ಲಿ ಸಿಕ್ಕಿಬಿದ್ದಿತು. ಬೇಟೆಗಾರರಿಗೆ ಅದು ನಷ್ಟದ ಕಾಲ. ತರುಣ ವಿದ್ಯಾರ್ಥಿಗಾದರೋ ಅದೇ ಪಾಠಶಾಲೆ. ಮನುಷ್ಯರು ಕಾಲಿಡದ ಆ ಬಿಳಿಯ ನಾಡಿನ ಒಳಗೇನಿದೆಯೆಂಬ ಪ್ರಶ್ನೆ ಅಲ್ಲಿಯೇ ಅವರ ಮನಸ್ಸನ್ನು ಹೊಕ್ಕಿತು. ಮರಳಿ ಬಂದೊಡನೆ ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸ ದೊರೆಯಿತು. ಕುಷ್ಠರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದ ಆರ್ಮಾವರ್ ಹ್ಯಾನ್ಸೆನ್ನರ ಸಹವಾಸ ಲಭಿಸಿದ್ದು ಆ ಊರಿನಲ್ಲಿಯೇ. ನರತಂತುಗಳ ರಚನೆಯನ್ನು ಕುರಿತು ನಾನ್ಸೆನ್ನರು ಬರೆದ ಮಹಾಪ್ರಬಂಧದ ಪರೀಕ್ಷೆ 1888ರ ಏಪ್ರಿಲ್ 28ರಂದು ನಡೆಯಿತು. ಅದಾಗಿ ನಾಲ್ಕೇ ದಿನಕ್ಕೆ ಅವರು ಗ್ರೀನ್‌ಲ್ಯಾಂಡಿಗೆ ಹೊರಟುಬಿಟ್ಟರು.

ಗ್ರೀನ್‌ಲ್ಯಾಂಡನ್ನು ದಾಟಲು ಹಿಂದೆ ಯತ್ನಿಸಿದವರೆಲ್ಲ ಜನವಸತಿಯುಳ್ಳ ಪಶ್ಚಿಮ ತೀರದಿಂದ ಹೊರಟು, ಕಷ್ಟ ಬಂದಾಗ ಹೊರಟ ಸ್ಥಳಕ್ಕೇ ಹಿಂದಿರುಗಿದ್ದರು. ನಾನ್ಸೆನ್ನರು ಇದನ್ನು ತಿರುವುಮುರುವು ಮಾಡಿದರು. ಜನವಿರಳವಾದ ಪೂರ್ವ ತೀರದಲ್ಲಿಳಿದು ಪಶ್ಚಿಮಕ್ಕೆ ನಡೆದರೆ ಹಿಂದೆ ಸಾವು, ಮುಂದೆ ಊರು. ಹಿಂದಿರುಗುವ ಮೋಹಕ್ಕೆ ಆಸ್ಪದವೇ ಇರುವುದಿಲ್ಲ. ಹುಚ್ಚು ಯೋಜನೆಯೆಂದು ಪತ್ರಿಕೆಗಳು ನಕ್ಕವು. ಆರು ಜನರ ತಂಡ ಜುಲೈ 17ರಂದು ಹಡಗನ್ನು ಬಿಟ್ಟು ದೋಣಿಗಳಲ್ಲಿ ಹೊರಟಿತು. ತೇಲುವ ಹಿಮದ ಬಂಡೆ ಅವರನ್ನು ಹೊತ್ತು ಬಹುದೂರ ದಕ್ಷಿಣಕ್ಕೆ ಒಯ್ದಿತು. ಮತ್ತೆ ಉತ್ತರಕ್ಕೆ ಹುಟ್ಟುಹಾಕಿ, ಆಗಸ್ಟ್ 15ರಂದು ಹಿಮದ ಏರನ್ನು ಹತ್ತತೊಡಗಿದರು. ನೆತ್ತಿಯನ್ನು ತಲುಪಿದಾಗ ಸಮುದ್ರ ಮಟ್ಟದಿಂದ 2,700 ಮೀಟರಿಗೂ ಎತ್ತರದಲ್ಲಿದ್ದರು. ರಾತ್ರಿಯ ಚಳಿ ಶೂನ್ಯಕ್ಕಿಂತ 45 ಡಿಗ್ರಿ ಕೆಳಗೆ. ಸೆಪ್ಟೆಂಬರ್ ಕೊನೆಯಲ್ಲಿ ಪಶ್ಚಿಮದ ಇಳಿಜಾರನ್ನಿಳಿದು, ಡೇರೆಯ ಬಟ್ಟೆಯಿಂದ ದೋಣಿಯೊಂದನ್ನು ಹೊಲಿದುಕೊಂಡು, ಅಕ್ಟೋಬರ್ 3ರಂದು ಗೋಟ್‌ಹಾಬ್ ಊರನ್ನು ಮುಟ್ಟಿದರು.

ಈ ಸಾಹಸದ ವೈಜ್ಞಾನಿಕ ಫಲವು ಸಾಹಸಕ್ಕಿಂತ ಕಿರಿದಲ್ಲ. ಗ್ರೀನ್‌ಲ್ಯಾಂಡಿನ ಒಳನಾಡಿನಲ್ಲಿ ಹಸಿರು ಕಣಿವೆಗಳಿರಬಹುದೆಂದು ಊಹಿಸಿದವರಿದ್ದರು. ಅವರು ನಡೆದ ದಾರಿಯಲ್ಲಿ ಕಂಡುದು ತೀರದಿಂದ ತೀರಕ್ಕೆ ಗುರಾಣಿಯಂತೆ ಉಬ್ಬಿದ ಒಂದೇ ಹಿಮರಾಶಿ. ಯುರೋಪಿನ ಉತ್ತರ ಭಾಗವೂ ಒಂದಾನೊಂದು ಕಾಲದಲ್ಲಿ ಇಂತಹ ಹಿಮದಡಿಯಲ್ಲಿ ಹುದುಗಿತ್ತೆಂಬ ಸಿದ್ಧಾಂತವನ್ನು ಪಂಡಿತರು ಆಗಲೇ ಮಂಡಿಸಿದ್ದರು. ಅದು ಹೇಗಿದ್ದಿರಬಹುದೆಂಬುದಕ್ಕೆ ಜೀವಂತ ಉದಾಹರಣೆಯನ್ನು ನಾನ್ಸೆನ್ನರು ಕಾಲಿನಿಂದ ಅಳೆದು ತಂದರು. ಹಿಮವು ಕಲ್ಲಿನಂತೆ ಕಂಡರೂ ಕಲ್ಲಲ್ಲ. ತನ್ನದೇ ಭಾರಕ್ಕೆ ಅದು ನಿಧಾನವಾಗಿ ಹರಿಯುತ್ತದೆ. ಹರಿಯುವಾಗ ಅಡಿಯಲ್ಲಿ ಸಿಕ್ಕ ಬಂಡೆಗಳನ್ನು ಕಿತ್ತು, ಅವುಗಳಿಂದಲೇ ನೆಲವನ್ನು ಉಜ್ಜಿ, ಕೊರೆದು, ಸವೆಸಿ, ಕಡೆಗೆ ಕಡಲಿಗೆ ತಂದು ಸುರಿಯುತ್ತದೆ. ನಾರ್ವೆಯ ತೀರವನ್ನು ಸೀಳಿರುವ ಫಿಯರ್ಡ್ ಎಂಬ ಆಳವಾದ ಕಡಲತೋಳುಗಳು ಈ ಕೆಲಸದ ಕುರುಹುಗಳು.

ಮರುವರ್ಷ ಅವರು ಇವಾ ಸಾರ್ಸ್ ಎಂಬ ಗಾಯಕಿಯನ್ನು ವರಿಸಿದರು. ಕಡಲಾಳದ ಜೀವಿಗಳನ್ನು ಶೋಧಿಸಿ ಹೆಸರಾದ ಮೈಕೆಲ್ ಸಾರ್ಸರ ಮಗಳು ಆಕೆ.

1881ರಲ್ಲಿ ಜೀನೆಟ್ ಎಂಬ ಅಮೆರಿಕದ ಹಡಗು ಸೈಬೀರಿಯದ ಉತ್ತರಕ್ಕೆ ಹಿಮದ ಹಿಡಿತದಲ್ಲಿ ನುಚ್ಚುನೂರಾಗಿ ಮುಳುಗಿತ್ತು. ಮೂರು ವರ್ಷಗಳ ಬಳಿಕ ಅದರ ಕೆಲವು ವಸ್ತುಗಳು ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ ಸಿಕ್ಕವು. ಹಾಗಾದರೆ ಧ್ರುವಸಾಗರದ ಹಿಮ ನಿಂತಲ್ಲಿ ನಿಂತಿಲ್ಲ, ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತಿದೆ! ಗ್ರೀನ್‌ಲ್ಯಾಂಡಿನೆದುರು ತೇಲುವ ಹಿಮದ ಮೇಲೆ ತಾವೇ ಆಯ್ದು ತಂದ ಕೆಸರಿನಲ್ಲಿ ಬೇರಿಂಗ್ ಜಲಸಂಧಿಯ ಕಡೆಯ ಸೂಕ್ಷ್ಮ ಪಾಚಿಗಳಿದ್ದುದೂ ಇದಕ್ಕೆ ಸಾಕ್ಷಿಯೊದಗಿಸಿತು. ಇತರರು ಹಿಮದೊಡನೆ ಹೋರಾಡಿ ಸೋತರು. ಹಿಮವನ್ನೇ ವಾಹನವನ್ನಾಗಿ ಮಾಡಿಕೊಂಡರೇನು ಎಂಬುದು ನಾನ್ಸೆನ್ನರ ವಿಚಾರ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಇದನ್ನು ಮಂಡಿಸಿದಾಗ ಹಳೆಯ ಧ್ರುವಯಾತ್ರಿಕರಲ್ಲಿ ಬಹುಮಂದಿ ತಲೆಯಲ್ಲಾಡಿಸಿದರು. ಅಮೆರಿಕದ ಗ್ರೀಲಿಯಂತೂ ಇದು ಸಾವನ್ನು ಕರೆದು ತಂದುಕೊಳ್ಳುವ ಯೋಜನೆಯೆಂದು ಬಹಿರಂಗವಾಗಿ ಖಂಡಿಸಿದನು. ನಾರ್ವೆಯ ಪಾರ್ಲಿಮೆಂಟು ಮಾತ್ರ ತನ್ನ ಮಗನನ್ನು ನಂಬಿ ಹಣ ಕೊಟ್ಟಿತು.

ಕಾಲಿನ್ ಆರ್ಚರ್ ಎಂಬ ನಿಪುಣ ಶಿಲ್ಪಿ ಕಟ್ಟಿದ ಆ ಹಡಗಿನ ಹೆಸರು ಫ್ರಾಮ್, ಎಂದರೆ ಮುಂದಕ್ಕೆ. ಉದ್ದ 39 ಮೀಟರು, ಅಗಲ 11 ಮೀಟರು. ಒಡೆದ ತೆಂಗಿನಕಾಯಿಯ ಹೋಳಿನಂತೆ ದುಂಡಗಿದ್ದುದರಿಂದ ಹಿಮ ಎರಡೂ ಮಗ್ಗುಲಿನಿಂದ ಒತ್ತಿದಾಗ ಅದು ಜಜ್ಜಿಹೋಗದೆ ಮೇಲಕ್ಕೆ ಜಿಗಿಯುವಂತಿತ್ತು. 1893ರ ಜೂನ್ 24ರಂದು ಹದಿಮೂರು ಜನರೊಡನೆ ಹೊರಟು, ಸೆಪ್ಟೆಂಬರ್ 22ರಂದು ಅದು ಸೈಬೀರಿಯದ ಉತ್ತರದ ಹಿಮದಲ್ಲಿ ಲಂಗರು ಹಾಕಿತು. ಮುಂದೆ ಮೂರು ವರ್ಷ ಅದು ಹಿಮದ ಸೆರೆಯಾಳು.

ತಂಡವು ಆಳ ಅಳೆಯಲು ತಂದ ಹಗ್ಗಗಳು ಆಳವಿಲ್ಲದ ಕಡಲಿಗೆ ತಕ್ಕವಾಗಿದ್ದವು, ಏಕೆಂದರೆ ನಾನ್ಸೆನ್ನರೂ ಎಲ್ಲರಂತೆಯೇ ಈ ಸಾಗರ ಹೆಚ್ಚು ಆಳವಿಲ್ಲವೆಂದು ತಿಳಿದಿದ್ದರು. ಮೊದಮೊದಲು ಹಾಗೆಯೇ ಕಂಡಿತು. ಆಮೇಲೆ ಒಮ್ಮೆಲೇ ತಳ ಕೈಗೆ ಸಿಗದಾಯಿತು. ಇದ್ದ ಹಗ್ಗವನ್ನೆಲ್ಲ ಬಿಟ್ಟರೂ ಗುಂಡು ನೆಲ ಮುಟ್ಟಲಿಲ್ಲ. ಆಗ ಹಡಗಿನವರು ಉಕ್ಕಿನ ದಪ್ಪ ಕೇಬಲ್ಲೊಂದರ ಎಳೆಗಳನ್ನು ಬಿಚ್ಚಿ, ಕೊರೆಯುವ ಚಳಿಯಲ್ಲಿ ಹಿಮದ ಮೇಲೆ ನಿಂತು, ಆ ಎಳೆಗಳನ್ನು ಮತ್ತೆ ಹೊಸೆದು ಸಾವಿರಾರು ಮೀಟರ್ ಉದ್ದದ ತಂತಿ ಮಾಡಿದರು. ಅದನ್ನು ಇಳಿಬಿಟ್ಟಾಗ ದೊರೆತ ಆಳ 3,300ರಿಂದ 3,900 ಮೀಟರು. ಧ್ರುವದ ಸುತ್ತ ಇರುವುದು ಕೆರೆಯಂಥ ಕಡಲಲ್ಲ, ಮಹಾಸಾಗರದ ಬೋಗುಣಿ ಎಂಬುದು ಹೀಗೆ ಸಿದ್ಧವಾಯಿತು. ಸೈಬೀರಿಯದ ತೀರದಿಂದ ಉತ್ತರಕ್ಕೆ ಬಹುದೂರದವರೆಗೆ ಕಡಲ ತಳ ಮೇಜಿನಂತೆ ಸಮವಾಗಿ ಚಾಚಿ, ಅಲ್ಲಿಂದ ತಟ್ಟನೆ ಪಾತಾಳಕ್ಕಿಳಿಯುತ್ತದೆ. ಭೂಗೋಳಜ್ಞರು ಖಂಡಾವರಣ ಪ್ರದೇಶವೆಂದು ಕರೆಯುವ ಈ ಮೇಜಿನ ಅಂಚನ್ನು ಫ್ರಾಮ್ ತಾನಾಗಿ ದಾಟಿತ್ತು. ಹಿಮವು ಗಾಳಿ ಬೀಸುವ ದಿಕ್ಕಿಗೆ ಸಾಗದೆ ಅದರ ಬಲಕ್ಕೆ 20ರಿಂದ 40 ಡಿಗ್ರಿ ಹೊರಳಿ ಸಾಗುವುದನ್ನೂ ಅವರು ಅಲ್ಲಿಯೇ ಗುರುತಿಸಿದರು. ಭೂಮಿಯ ತಿರುಗುವಿಕೆಯೇ ಇದಕ್ಕೆ ಕಾರಣವೆಂಬ ಅವರ ಊಹೆಯನ್ನು ಎಕ್‌ಮನ್ ಎಂಬ ಸ್ವೀಡನ್ನಿನ ತರುಣನು ಗಣಿತದಿಂದ ಸಾಧಿಸಿದ್ದು ಸಾಗರವಿಜ್ಞಾನದ ಒಂದು ಮೈಲುಗಲ್ಲು.

ಹಡಗು ಧ್ರುವದ ಮೇಲೆಯೇ ಹಾಯುವುದಿಲ್ಲವೆಂದು ಖಚಿತವಾದಾಗ, 1895ರ ಮಾರ್ಚ್ 14ರಂದು ನಾನ್ಸೆನ್ ಮತ್ತು ಯಾಲ್ಮಾರ್ ಯೋಹಾನ್ಸೆನ್ ಇಬ್ಬರೇ ನಾಯಿಬಂಡಿಗಳೊಡನೆ ಉತ್ತರಕ್ಕೆ ಹೊರಟರು. ಏಪ್ರಿಲ್ ಎರಡನೆಯ ವಾರದಲ್ಲಿ 86 ಡಿಗ್ರಿ 14 ಮಿನಿಟು ಉತ್ತರ ಅಕ್ಷಾಂಶವನ್ನು ಮುಟ್ಟಿದರು. ಅದುವರೆಗೆ ಯಾರೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ಮುಂದಿದ್ದುದು ಒಡೆದು ಒಟ್ಟಿದ ಹಿಮದ ದಿಬ್ಬಗಳ ಸಾಲು, ಅವರು ತಿರುಗಿದರು. ಹಿಂದಿರುಗುವಾಗ ಒಂದು ದಿನ ಗಡಿಯಾರಗಳಿಗೆ ಕೀಲಿ ಕೊಡುವುದನ್ನು ಮರೆತು, ತಾವು ಎಲ್ಲಿರುವೆವೆಂಬ ಲೆಕ್ಕವೇ ತಪ್ಪಿತು. ಫ್ರಾನ್ಸ್ ಜೋಸೆಫ್ ಲ್ಯಾಂಡ್ ಎಂಬ ನಿರ್ಜನ ದ್ವೀಪಸಮೂಹದಲ್ಲಿ ಕಲ್ಲು ಪೇರಿಸಿ, ವಾಲ್ರಸ್ ಚರ್ಮವನ್ನು ಹೊದಿಸಿದ ಗುಡಿಸಲಿನಲ್ಲಿ, ಹಿಮಕರಡಿಯ ಮಾಂಸವನ್ನು ತಿಂದು, ಕೊಬ್ಬಿನ ದೀಪದ ಹೊಗೆಯಲ್ಲಿ ಇಡೀ ಚಳಿಗಾಲವನ್ನು ಕಳೆದರು. ಇಷ್ಟು ದಿನ ಒಂದೇ ಹಾಸಿಗೆಯ ಚೀಲದಲ್ಲಿ ಮಲಗಿಯೂ ಪರಸ್ಪರ ಬಹುವಚನದಲ್ಲಿಯೇ ಮಾತನಾಡುತ್ತಿದ್ದ ಆ ಇಬ್ಬರು ಏಕವಚನಕ್ಕೆ ಇಳಿದದ್ದು 1895ರ ಕೊನೆಯ ರಾತ್ರಿಯಲ್ಲಿ!

1896ರ ಜೂನ್ 12ರಂದು ಅವರ ಎರಡು ದೋಣಿಗಳೂ ಕಟ್ಟಿದ ಮಿಣಿ ಕಿತ್ತು ಗಾಳಿಗೆ ತೇಲಿಹೋಗತೊಡಗಿದವು. ಅನ್ನ, ಬಂದೂಕು, ಬರೆದಿಟ್ಟ ಟಿಪ್ಪಣಿ ಎಲ್ಲವೂ ಅವುಗಳಲ್ಲಿದ್ದವು. ನಾನ್ಸೆನ್ನರು ಆ ಹಿಮದ ನೀರಿಗೆ ಧುಮುಕಿ, ಕೈಕಾಲು ಮರಗಟ್ಟುತ್ತಿರಲು ಈಜಿ ಅವನ್ನು ಹಿಡಿದು ತಂದರು. ಅದಾದ ಐದನೆಯ ದಿನ ಇಂಗ್ಲೆಂಡಿನ ಯಾತ್ರಿಕ ಫ್ರೆಡರಿಕ್ ಜಾಕ್ಸನ್ನರ ಬಿಡಾರ ಸಿಕ್ಕಿತು. ಹಡಗು ಬರುವವರೆಗೆ ಕಾಯಬೇಕಾಗಿ ಬಂದ ವಾರಗಳನ್ನೂ ಅವರು ವ್ಯರ್ಥಗೊಳಿಸಲಿಲ್ಲ. ಆ ದ್ವೀಪದ ಬಂಡೆಗಳನ್ನೂ ಕಡಲ ಮಟ್ಟಕ್ಕಿಂತ ಎತ್ತರದಲ್ಲಿದ್ದ ಹಳೆಯ ತೀರರೇಖೆಗಳನ್ನೂ ಪರಿಶೀಲಿಸಿದರು. ಆಗಸ್ಟ್ 13ರಂದು ಅವರು ನಾರ್ವೆಯ ನೆಲವನ್ನು ಮೆಟ್ಟಿದರು. ಸೋಜಿಗವೆಂದರೆ ಫ್ರಾಮ್ ಹಡಗು ಹಿಮದಿಂದ ಬಿಡುಗಡೆ ಹೊಂದಿದ್ದೂ ಅದೇ ದಿನ. ಹದಿಮೂರು ಜನರಲ್ಲಿ ಒಬ್ಬನೂ ಸತ್ತಿರಲಿಲ್ಲ.

ಪ್ರಾಧ್ಯಾಪಕರಾದ ಮೇಲೆ ನಾನ್ಸೆನ್ನರು ಪ್ರಾಣಿಶಾಸ್ತ್ರವನ್ನು ಕ್ರಮೇಣ ತೊರೆದು ಸಾಗರವಿಜ್ಞಾನಕ್ಕೆ ಹೊರಳಿದರು. ಯಾತ್ರೆಯ ಫಲಿತಾಂಶಗಳು ಆರು ಸಂಪುಟಗಳಾಗಿ ಹೊರಬಂದವು. 1904ರಲ್ಲಿ ಪ್ರಕಟವಾದ ಉತ್ತರ ಧ್ರುವಸಾಗರಗಳ ಆಳವನ್ನು ಕುರಿತ ಗ್ರಂಥ ಅವುಗಳಲ್ಲಿ ಮೇಲ್ಮಟ್ಟದ್ದು. ತಾವು ಅಳೆದ ಕೆಲವೇ ಆಳಗಳಿಗೆ ಬೇರೆ ಹಡಗುಗಳವರು ಅಳೆದುವನ್ನು ಸೇರಿಸಿ ಅವರು ಕಡಲ ತಳದ ನಕ್ಷೆಯನ್ನು ರಚಿಸಿದರು. ನಾರ್ವೆಗೂ ಸ್ಪಿಟ್ಸ್‌ಬರ್ಗೆನ್‌ಗೂ ನಡುವಣ ಬ್ಯಾರೆಂಟ್ಸ್ ಸಮುದ್ರದ ತಳದಲ್ಲಿ ಕವಲೊಡೆದ ಅಗಲವಾದ ಕಣಿವೆಗಳು ಕಂಡವು. ಇವು ಹೇಗೆ ಆದವು? ಆ ತಳ ಒಂದು ಕಾಲಕ್ಕೆ ಎತ್ತರದ ಒಣನೆಲವಾಗಿತ್ತು, ನದಿಗಳು ಅದನ್ನು ಕೊರೆದವು, ಬಳಿಕ ಅದು ಮುಳುಗಿತು ಎಂಬುದು ಮುಖ್ಯವಾಗಿ ನಾನ್ಸೆನ್ನರ ಉತ್ತರ. ಹಿಮದ ಕೈವಾಡವನ್ನು ಅವರು ಅಲ್ಲಗಳೆಯಲಿಲ್ಲ, ಆದರೆ ನದಿಗೆ ಹೆಚ್ಚಿನ ಪಾಲು ಕೊಟ್ಟರು. ಹಿಮದ ಬೆನ್ನೇರಿ ನಡೆದ ಮನುಷ್ಯನೇ ಹಿಮದ ಶಕ್ತಿಯನ್ನು ಇಲ್ಲಿ ಕಡಿಮೆ ಅಂದಾಜು ಮಾಡಿದ್ದು ವಿಚಿತ್ರವೆನಿಸಬಹುದು. ಆದರೆ ಹಗ್ಗದ ತುದಿಯ ಗುಂಡು ಒಂದು ಸಲಕ್ಕೆ ಒಂದು ಬಿಂದುವನ್ನು ಮಾತ್ರ ಮುಟ್ಟುತ್ತದೆ. ಎರಡು ಬಿಂದುಗಳ ನಡುವೆ ಏನಿದೆಯೆಂಬುದನ್ನು ಊಹೆಯೇ ತುಂಬಬೇಕು.

ಶಬ್ದದ ಪ್ರತಿಧ್ವನಿಯಿಂದ ತಳವನ್ನು ಚಿತ್ರಿಸುವ ಯಂತ್ರಗಳು ಬಂದ ಮೇಲೆ ಆ ನಡುವಣ ನೆಲ ಕಣ್ಣಿಗೆ ಬಿತ್ತು. ಸುಮಾರು 20,000 ವರ್ಷಗಳ ಹಿಂದೆ ಬ್ಯಾರೆಂಟ್ಸ್ ಸಮುದ್ರವಿರುವ ಜಾಗದಲ್ಲೆಲ್ಲ ಭಾರಿ ಹಿಮರಾಶಿಯೊಂದು ಕಡಲ ತಳಕ್ಕೇ ಊರಿ ಕುಳಿತಿತ್ತೆಂಬುದು ಈಗ ಸ್ಥಿರಪಟ್ಟ ಸಂಗತಿ. ಹಿಮವು ನೀರಿಗಿಂತ ಸ್ವಲ್ಪವೇ ಹಗುರ. 300 ಮೀಟರ್ ಆಳದ ಕಡಲಿನಲ್ಲಿ ಸುಮಾರು 340 ಮೀಟರಿಗಿಂತ ದಪ್ಪವಾದ ಹಿಮ ತೇಲಲಾರದು, ತಳಕ್ಕೆ ತಾಗಿ ಕೂಡುತ್ತದೆ. ಕೂತ ಮೇಲೆ ಅದರ ಒಳಗಿನ ವೇಗದ ಪ್ರವಾಹಗಳು ಕೆಳಗಿನ ಮೆತ್ತನೆಯ ಕೆಸರನ್ನು ಎಳೆದು, ಕಿಲೋಮೀಟರುಗಟ್ಟಲೆ ನೇರವಾಗಿ ಸಾಗುವ ಏಣು ಹಾಗೂ ತಗ್ಗುಗಳನ್ನು ಬಾಚಣಿಗೆ ಎಳೆದಂತೆ ಮೂಡಿಸುತ್ತವೆ. ಬೇರ್ ಐಲೆಂಡ್ ಕಣಿವೆಯ ತಳದಲ್ಲಿ ಇಂತಹ ಗೆರೆಗಳು ಇಂದಿಗೂ ಅಚ್ಚಳಿಯದೆ ಉಳಿದಿವೆ. ಅದರ ಬಾಯಿಯಲ್ಲಿ, ಖಂಡಾವರಣದ ಅಂಚಿನಾಚೆ, ಹಿಮ ಹೊತ್ತು ತಂದು ಸುರಿದ ಮಣ್ಣು ಬೀಸಣಿಗೆಯಾಕಾರದಲ್ಲಿ ಎರಡು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿದೆ. ಹಿಮ ಹಿಂದೆ ಸರಿಯುತ್ತ ಒಂದೊಂದು ಕಡೆ ತಂಗಿದಾಗ ಅಡ್ಡಲಾಗಿ ಒಡ್ಡು ಕಟ್ಟಿದೆ. ಮುರಿದು ತೇಲಿದ ಹಿಮಗುಡ್ಡೆಗಳ ಬುಡಗಳು ತಳವನ್ನು ಅಡ್ಡಾದಿಡ್ಡಿ ಗೀರಿದ ಜಾಗಗಳು ರಂಟೆ ಹೊಡೆದ ಹೊಲದಂತಿವೆ. ಸಾಗರದ ನಡುವಣ ಲೋಮೊನೊಸೊವ್ ಏಣಿನ ಮೇಲೆ ಸುಮಾರು 1,000 ಮೀಟರ್ ಆಳದಲ್ಲಿಯೂ ಹಿಮ ಉಜ್ಜಿದ ಗುರುತುಗಳು ಸಿಕ್ಕಿವೆ. ಆ ಏಣನ್ನೇ ನಾನ್ಸೆನ್ನರು ಅರಿತಿರಲಿಲ್ಲ. ಅದನ್ನು ಸೋವಿಯತ್ ವಿಜ್ಞಾನಿಗಳು 1948ರಲ್ಲಿ ಕಂಡುಹಿಡಿದರು.

ಫಿಯರ್ಡುಗಳ ವಿಷಯವೂ ಹೀಗೆಯೇ. ನಾರ್ವೆಯ ಸೋಗ್ನೆಫಿಯರ್ಡ್ ಒಳಗೆ 1,300 ಮೀಟರಿಗೂ ಹೆಚ್ಚು ಆಳವಿದ್ದು, ಕಡಲನ್ನು ಸೇರುವ ಬಾಯಿಯಲ್ಲಿ 200 ಮೀಟರಿಗಿಂತ ಕಡಿಮೆ ಆಳದ ಹೊಸ್ತಿಲಿನಿಂದ ಕೂಡಿದೆ. ನದಿಯಾದರೆ ಕಡಲು ಹತ್ತಿರವಾದಂತೆ ತಗ್ಗುತ್ತ ಹೋಗುತ್ತದೆ, ಹೊಸ್ತಿಲೇರುವುದಿಲ್ಲ. ಒಳನಾಡಿನಲ್ಲಿ ದಪ್ಪನಾಗಿ ಇಕ್ಕಟ್ಟಿನಲ್ಲಿ ಹರಿದು, ತೀರದಲ್ಲಿ ಹರಡಿ ತೆಳುವಾಗುವ ಹಿಮ ಮಾತ್ರ ಇಂತಹ ತೊಟ್ಟಿಯನ್ನು ಕಡೆಯಬಲ್ಲದು. ಸ್ಪಿಟ್ಸ್‌ಬರ್ಗೆನ್ನಿನ ಕಾಂಗ್ಸ್‌ಫಿಯರ್ಡ್ ಕೂಡ ಹಿಮವೇ ಕೊರೆದ ಕಡಲತೋಳು. ಅದರ ದಡದ ನ್ಯೂ ಓಲೆಸುಂಡ್‌ನಲ್ಲಿ ಭಾರತವು 2008ರಲ್ಲಿ ಹಿಮಾದ್ರಿ ಎಂಬ ಸಂಶೋಧನಾ ಕೇಂದ್ರವನ್ನು ತೆರೆಯಿತು. 2014ರಲ್ಲಿ ಅದೇ ಫಿಯರ್ಡಿನ ನೀರೊಳಗೆ ನಮ್ಮ ವಿಜ್ಞಾನಿಗಳು ಅಳತೆಯ ಉಪಕರಣಗಳನ್ನು ನೆಲೆಗೊಳಿಸಿದರು.

ನಾರ್ವೆಯ ಪಶ್ಚಿಮ ತೀರದುದ್ದಕ್ಕೂ ಕಡಲ ಮಟ್ಟಕ್ಕೆ ತುಸು ಮೇಲೆ, ತುಸು ಕೆಳಗೆ, ಬಂಡೆಯ ಸಮತಟ್ಟಾದ ಪಟ್ಟಿಯೊಂದು ಹಬ್ಬಿದೆ. ಸಾವಿರಾರು ನಡುಗಡ್ಡೆಗಳು ಅದರ ತುಣುಕುಗಳೇ. ಇದರ ಒಗಟನ್ನು 1922ರಲ್ಲಿ ನಾನ್ಸೆನ್ನರು ಒಂದು ದೊಡ್ಡ ಗ್ರಂಥದಲ್ಲಿ ಚರ್ಚಿಸಿದರು. ಹೆಪ್ಪುಗಟ್ಟುವ ನೀರು ಬಂಡೆಯನ್ನು ಸೀಳುವುದು, ತೀರದ ಹಿಮ ಹಾಗೂ ಅಲೆಗಳು ಆ ಚೂರುಗಳನ್ನು ಒಯ್ಯುವುದು, ಹಿಮರಾಶಿಯ ಭಾರಕ್ಕೆ ನೆಲ ಕುಗ್ಗಿ, ಹಿಮ ಕರಗಿದಾಗ ಮತ್ತೆ ಮೇಲೇಳುವುದು, ಇವೆಲ್ಲವನ್ನೂ ಅವರು ಅದರಲ್ಲಿ ಕೂಡಿಸಿ ವಿಚಾರಿಸಿದ್ದಾರೆ. ಫ್ರಾನ್ಸ್ ಜೋಸೆಫ್ ಲ್ಯಾಂಡಿನಲ್ಲಿ ಕಂಡ ಎತ್ತರದ ತೀರರೇಖೆಗಳಂಥವುಗಳ ಅರ್ಥವೂ ಇದೇ. ಮುಂದೆ ಬ್ಯಾರೆಂಟ್ಸ್ ಸಮುದ್ರದ ಹಿಮರಾಶಿಯನ್ನು ಸಾಧಿಸಿದವರು ಆಧರಿಸಿದ್ದು ಸ್ಪಿಟ್ಸ್‌ಬರ್ಗೆನ್ನಿನ ಸುತ್ತಣ ದ್ವೀಪಗಳಲ್ಲಿ ಮೇಲೆದ್ದ ಇಂತಹ ತೀರಗಳನ್ನೇ. ಗ್ರೀನ್‌ಲ್ಯಾಂಡಿಗೂ ಸ್ಪಿಟ್ಸ್‌ಬರ್ಗೆನ್ನಿಗೂ ನಡುವೆ ಕಡಲಡಿಯಲ್ಲಿ ಎತ್ತರದ ಅಡ್ಡಗೋಡೆಯಿರಬೇಕೆಂಬ ಅವರ ಇನ್ನೊಂದು ಊಹೆ ಮಾತ್ರ ಸುಳ್ಳಾಯಿತು. ಅಲ್ಲಿರುವುದು ಆಳವಾದ ದಾರಿ.

ಈ 1922ನೆಯ ಇಸವಿಯೇ ಅವರಿಗೆ ಶಾಂತಿ ಪಾರಿತೋಷಕ ಬಂದ ವರ್ಷವೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರ್ಪಟ್ಟಾಗ ದೇಶದ ಕರೆಗೆ ಓಗೊಟ್ಟು ಲಂಡನ್ನಿನಲ್ಲಿ ರಾಯಭಾರಿಯಾದರು. ಆ ಅವಧಿಯಲ್ಲಿಯೇ, 1907ರಲ್ಲಿ, ಇವಾ ತೀರಿಕೊಂಡರು. ದಕ್ಷಿಣ ಧ್ರುವಕ್ಕೆ ಹೋಗಬೇಕೆಂಬ ತಮ್ಮ ಕನಸನ್ನು ಬಿಟ್ಟುಕೊಟ್ಟು ಫ್ರಾಮ್ ಹಡಗನ್ನು ಅಮುಂಡ್ಸೆನ್ನರಿಗೆ ಒಪ್ಪಿಸಿದ್ದೂ ಆ ದಿನಗಳಲ್ಲಿಯೇ. ಮಹಾಯುದ್ಧ ಮುಗಿದಾಗ ರಾಷ್ಟ್ರಸಂಘವು ಅವರನ್ನು ಕರೆಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಅವರು ತಂತಮ್ಮ ನಾಡುಗಳಿಗೆ ತಲುಪಿಸಿದರು. ದೇಶವನ್ನೇ ಕಳೆದುಕೊಂಡ ನಿರಾಶ್ರಿತರಿಗೆ ನಾನ್ಸೆನ್ ಪಾಸ್‌ಪೋರ್ಟ್ ಎಂಬ ಗುರುತಿನ ಪತ್ರ ಕೊಡಿಸಿದರು. 1921ರಲ್ಲಿ ರಷ್ಯದಲ್ಲಿ ಭೀಕರ ಕ್ಷಾಮ ಬಿದ್ದಾಗ ಸರ್ಕಾರಗಳು ರಾಜಕೀಯದ ನೆಪವೊಡ್ಡಿ ಕೈಚೆಲ್ಲಿದವು. ನಾನ್ಸೆನ್ನರು ಊರೂರು ತಿರುಗಿ ಭಾಷಣ ಮಾಡಿ ಕಾಳು ಕೂಡಿಸಿದರು. ಪಾರಿತೋಷಕದ ಹಣವನ್ನೂ ಪರಿಹಾರ ಕಾರ್ಯಗಳಿಗೆ ವಿನಿಯೋಗಿಸಿದರು. ಕಡಲ ತಳದ ಲೆಕ್ಕಗಳು ಆ ವರ್ಷಗಳಲ್ಲಿ ಮೇಜಿನ ಮೇಲೆ ಅಪೂರ್ಣವಾಗಿ ಬಿದ್ದಿರುತ್ತಿದ್ದವು.

ಕೊನೆಯ ವರ್ಷಗಳಲ್ಲಿ ಹಳೆಯ ಹಂಬಲ ಮತ್ತೆ ಚಿಗುರಿತು. ವಾಯುನೌಕೆಯಲ್ಲಿ ಧ್ರುವಪ್ರದೇಶವನ್ನು ಶೋಧಿಸಲು ಏರ್ಪಟ್ಟ ಅಂತರರಾಷ್ಟ್ರೀಯ ಸಂಘಕ್ಕೆ ಅವರೇ ಅಧ್ಯಕ್ಷರಾದರು. ಆದರೆ 1930ರ ಮೇ 13ರಂದು ಲೈಸೇಕರ್‌ನ ತಮ್ಮ ಮನೆಯಲ್ಲಿ ನಾನ್ಸೆನ್ನರು ಕಣ್ಣುಮುಚ್ಚಿದರು. ನಾರ್ವೆಯ ರಾಷ್ಟ್ರೀಯ ದಿನವಾದ ಮೇ 17ರಂದು ಅಂತ್ಯಕ್ರಿಯೆ ನಡೆದು, ಮುಂದೆ ಅವರ ಅವಶೇಷಗಳನ್ನು ಆ ಮನೆಯ ತೋಟದ ಮರವೊಂದರ ಬುಡದಲ್ಲಿ ಇಡಲಾಯಿತು. ಮರುವರ್ಷದ ಜುಲೈಯಲ್ಲಿ ಗ್ರಾಫ್ ಝೆಪೆಲಿನ್ ವಾಯುನೌಕೆ ಅವರಿಲ್ಲದೆಯೇ ಹೊರಟು, ಮೂವತ್ತೈದು ವರ್ಷಗಳ ಹಿಂದೆ ಅವರು ಕಲ್ಲಿನ ಗುಡಿಸಲಿನಲ್ಲಿ ಚಳಿಗಾಲ ಕಳೆದ ಫ್ರಾನ್ಸ್ ಜೋಸೆಫ್ ಲ್ಯಾಂಡಿನ ಮೇಲೆ ಹಾರಾಡಿ ಅದರ ನಕ್ಷೆಗಾಗಿ ಚಿತ್ರಗಳನ್ನು ತೆಗೆಯಿತು.